‘ಇ-ಬುಕ್ ಮಾಡ್ಬಿಡಿ’ ಎನ್ನುವವರಿಗೆ

ಕನ್ನಡದಲ್ಲಿ ಸಂಶೋಧನೆ ಮಾಡುತ್ತಿರುವ ಯಾರನ್ನು ಬೇಕಾದರೂ ಕೇಳಿ, ಈ ಎರಡು ಮಾತುಗಳನ್ನು ಅವರು ಕೇಳಿಯೇ ಇರುತ್ತಾರೆ. ಮೊದಲನೆಯದು: ‘ಹಸ್ತಪ್ರತಿ ಚೆನ್ನಾಗಿದೆ, ಆದರೆ ಇಂಥ ಪುಸ್ತಕ ಓಡೋದಿಲ್ಲ.’ ಎರಡನೆಯದು: ‘ಈ ಕಾಲದಲ್ಲಿ ಪ್ರಕಾಶಕರ ಬಾಗಿಲು ಯಾಕೆ ಕಾಯ್ತೀರಾ? ಇ-ಬುಕ್ ಮಾಡ್ಬಿಡಿ. ಖರ್ಚಿಲ್ಲ, ಯಾರ ಹಂಗೂ ಇಲ್ಲ.’ ಮೊದಲನೆಯ ಮಾತಿನ ಬಗ್ಗೆ ನನ್ನದೇನೂ ತಕರಾರಿಲ್ಲ. ಅದು ವ್ಯಾಪಾರ ಮಾಡುವವರ ಲೆಕ್ಕ, ಅವರ ದುಡ್ಡು, ಅವರ ಗೋದಾಮು. ನನ್ನ ಜಗಳವೆಲ್ಲ ಎರಡನೆಯದರ ಜೊತೆ. ಖರ್ಚಿದೆ, ಹಂಗೂ ಇದೆ. ಎಂಟು ತಿಂಗಳು ಆ ಕೆಲಸ ಮಾಡಿ ನೋಡಿದ ಮೇಲೆ ಇದನ್ನು ಹೇಳುತ್ತಿದ್ದೇನೆ.

ಯಾವ ಪುಸ್ತಕ ಎಂದು ಮೊದಲು ಹೇಳಿಬಿಡುತ್ತೇನೆ. ನನ್ನ ಪಿಎಚ್.ಡಿ. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ಹೆಂಗಸರ ಬಗ್ಗೆ. ನಾಲ್ಕು ವರ್ಷ ಕೆಂಗೇರಿ, ನಾಯಂಡಹಳ್ಳಿ, ಬ್ಯಾಟರಾಯನಪುರದ ವಠಾರಗಳಲ್ಲಿ ಕೂತು ರೆಕಾರ್ಡ್ ಮಾಡಿಕೊಂಡ ಮಾತಿನಲ್ಲಿ ಪ್ರಬಂಧಕ್ಕೆ ಬೇಕಾದದ್ದು ಹತ್ತರಲ್ಲೊಂದು ಪಾಲು. ವಿಶ್ವವಿದ್ಯಾಲಯಕ್ಕೆ ಕೋಷ್ಟಕ ಬೇಕು, ಅಡಿಟಿಪ್ಪಣಿ ಬೇಕು. ಟಾರ್ಗೆಟ್ ಮುಗಿಯಲಿಲ್ಲವೆಂದು ಸೂಪರ್‌ವೈಸರ್ ಎಲ್ಲರೆದುರು ಬೈದ ದಿನ ಮನೆಗೆ ಹೋಗಿ ಏನು ಅಡುಗೆ ಮಾಡಿದಿರಿ ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಉಳಿದ ಒಂಬತ್ತು ಪಾಲಿನಿಂದ 22 ಹೆಂಗಸರ ಮಾತುಗಳನ್ನು ಆರಿಸಿ, ಹೆಸರು ಬದಲಿಸಿ, ಅವರವರ ನುಡಿಯಲ್ಲೇ ಜೋಡಿಸಿದೆ. ಮಂಡ್ಯದ ಕಡೆಯವರದು ಮಂಡ್ಯದ ಹಾಗೇ ಇದೆ, ರಾಯಚೂರಿನವರದು ರಾಯಚೂರಿನ ಹಾಗೇ.

ಇ-ಬುಕ್ ಆಗಲಿ ಎಂದು ತೀರ್ಮಾನಿಸಿದ್ದಕ್ಕೆ ಹಣವೂ ಒಂದು ಕಾರಣ, ಸುಳ್ಳು ಯಾಕೆ ಹೇಳಲಿ. ಒಬ್ಬ ಪ್ರಕಾಶಕರು 45 ಸಾವಿರ ರೂಪಾಯಿ ನಾನೇ ಹಾಕಿದರೆ 300 ಪ್ರತಿ ತರುತ್ತೇನೆ ಎಂದಿದ್ದರು. ಫೆಲೋಶಿಪ್ ಹಣ ಮೂರು ತಿಂಗಳಿಗೋ ನಾಲ್ಕು ತಿಂಗಳಿಗೋ ಬರುವ ನನ್ನಂಥವಳಿಗೆ ಅದು ಆಗದ ಮಾತು. ಆದರೆ ದೊಡ್ಡ ಕಾರಣ ಓದುಗರು. ಮಾತಾಡಿ ಮುಗಿಸಿ ಎದ್ದಾಗಲೆಲ್ಲ ಆ ಹೆಂಗಸರು ಕೇಳುತ್ತಿದ್ದದ್ದು ಒಂದೇ: ‘ಬರ್ದಿದ್ದು ನಮ್ಗೂ ಕಳ್ಸವ್ವಾ, ಮೊಬೈಲಿಗೆ ಹಾಕು.’ 250 ರೂಪಾಯಿ ಕೊಟ್ಟು ಪುಸ್ತಕ ಕೊಳ್ಳಲು ಗಾಂಧಿಬಜಾರಿಗೋ ಅವೆನ್ಯೂ ರಸ್ತೆಗೋ ಅವರು ಹೋಗುವುದಿಲ್ಲ. ಹೋಗಲು ರಜೆಯೇ ಇಲ್ಲ. ಆದರೆ ಕಾರ್ಖಾನೆಯ ವ್ಯಾನಿನಲ್ಲಿ ಮುಕ್ಕಾಲು ಗಂಟೆ ಫೋನು ಕೈಯಲ್ಲಿರುತ್ತದೆ. ಧಾರಾವಾಹಿಯಂತೆ ಕತೆ ಬರುವ ಆ್ಯಪುಗಳಲ್ಲಿ ಅವರು ಕನ್ನಡ ಓದುತ್ತಾರೆ, ನಾನು ನೋಡಿದ್ದೇನೆ. ಅಂದರೆ ಈ ಪುಸ್ತಕಕ್ಕೆ ಇ-ಬುಕ್ ಎನ್ನುವುದು ಕಾಗದಕ್ಕೆ ಗತಿಯಿಲ್ಲದೆ ಹಿಡಿದ ಅಡ್ಡದಾರಿ ಆಗಿರಲಿಲ್ಲ. ಅದೇ ಅದರ ಸರಿಯಾದ ದಾರಿಯಾಗಿತ್ತು.

ಆ ದಾರಿಯಲ್ಲಿ ಮೊದಲು ಸಿಗುವ ಗುಂಡಿಯ ಹೆಸರು ಅಕ್ಷರ.

ಕನ್ನಡದ ಪುಸ್ತಕಗಳು ಇವತ್ತಿಗೂ ತಯಾರಾಗುವ ಬಗೆ ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ವಿಜಯನಗರದಲ್ಲಾಗಲಿ ರಾಜಾಜಿನಗರದಲ್ಲಾಗಲಿ ಪುಸ್ತಕ, ಲಗ್ನಪತ್ರಿಕೆ, ಪ್ರಬಂಧ ಮಾಡಿಕೊಡುವ ಡಿಟಿಪಿ ಅಂಗಡಿಗಳಿಗೆ ಹೋಗಿ ನೋಡಿ. ಹೆಚ್ಚಿನ ಕಡೆ ಪೇಜ್‌ಮೇಕರ್ ಇನ್ನೂ ಜೀವಂತವಾಗಿದೆ. ಅದರ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಕನ್ನಡ ಒಗ್ಗುವುದಿಲ್ಲ. ಹಾಗಾಗಿ ನಾವು ಯೂನಿಕೋಡಿನಲ್ಲಿ ಟೈಪ್ ಮಾಡಿ ಕೊಟ್ಟರೂ ಅವರು ಅದನ್ನು ಹಳೆಯ ಫಾಂಟಿಗೆ ತಿರುಗಿಸಿಕೊಳ್ಳುತ್ತಾರೆ. ಆ ಹಳೆಯ ಪದ್ಧತಿಯಲ್ಲಿ ಕಂಪ್ಯೂಟರಿನೊಳಗೆ ಇರುವುದು ಕನ್ನಡವೇ ಅಲ್ಲ. ಇಂಗ್ಲಿಷಿನ ‘ಪಿ’ ಅಕ್ಷರದ ಜಾಗದಲ್ಲಿ ‘ಕ’ದ ಮೈ ಕೂತಿರುತ್ತದೆ, ಯಾವುದೋ ಯುರೋಪಿನ ಅಕ್ಷರದ ಜಾಗದಲ್ಲಿ ತಲೆಕಟ್ಟು ಕೂತಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕಾಗದದ ಮೇಲೆ ‘ಕ’ ಕಾಣುತ್ತದೆ. ಕಾಗದಕ್ಕೆ ಅಷ್ಟು ಸಾಕು. ಫೋನಿಗೆ ಸಾಲದು.

ಪುಟ ಕಟ್ಟಿ, ಮೂರು ಸಲ ಕರಡು ತಿದ್ದಿದ ಮೇಲೆ ಸರಿಯಾದ ಪಾಠ ಉಳಿಯುವುದು ಆ ಹಳೆಯ ಫಾಂಟಿನಲ್ಲಿ ಮಾತ್ರ. ಅದನ್ನು ಮತ್ತೆ ಯೂನಿಕೋಡಿಗೆ ತಂದರೆ ಏನಾಗುತ್ತದೆ ನೋಡಿ. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ ಇರುತ್ತದೆ. ಯೂನಿಕೋಡಿನಲ್ಲಿ ಅದು ಉಚ್ಚಾರದ ಕ್ರಮದಲ್ಲಿ, ಅಕ್ಷರದ ಮೊದಲು ಬರಬೇಕು. ಪರಿವರ್ತಕ ಈ ಜಾಗವನ್ನು ಅದಲುಬದಲು ಮಾಡದೇ ಹೋದರೆ ‘ಧರ್ಮ’ ಹೋಗಿ ‘ಧಮರ್’ ಆಗುತ್ತದೆ, ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗುತ್ತದೆ. ಎಷ್ಟೋ ಜಾಲತಾಣಗಳಲ್ಲಿ ನೀವು ಈ ‘ಕನಾರ್ಟಕ’ವನ್ನು ಕಂಡಿರುತ್ತೀರಿ, ಯಾರೋ ಅವಸರದಲ್ಲಿ ಟೈಪ್ ಮಾಡಿದ್ದಾರೆ ಎಂದುಕೊಂಡಿರುತ್ತೀರಿ. ನನ್ನ ಪುಸ್ತಕದಲ್ಲಿ ಪುಟಕ್ಕೆ ಹತ್ತು ಸಲ ಬರುವ ಪದ ‘ಕಾರ್ಖಾನೆ’. ಅದೆಲ್ಲ ‘ಕಾಖಾರ್ನೆ’ ಆಯಿತು. ‘ಗಾರ್ಮೆಂಟ್ಸ್‌ಗೆ’ ಎಂಬಲ್ಲಿ ಇರಬೇಕಾದ, ಕಣ್ಣಿಗೆ ಕಾಣದ ಒಂದು ತಡೆಚಿಹ್ನೆ ಬಿದ್ದುಹೋಗಿ ‘ಗೆ’ ಎಂಬುದು ‘ಸ’ದ ಅಡಿಗೆ ಒತ್ತಾಗಿ ಇಳಿಯಿತು. 180 ಪುಟ. ಆಡುಮಾತಿನ ಪುಸ್ತಕವಾದ್ದರಿಂದ ಪದಪರೀಕ್ಷಕ ಯಾವ ಕೆಲಸಕ್ಕೂ ಬರಲಿಲ್ಲ. ಅದಕ್ಕೆ ಮಂಡ್ಯದ ಮಾತೂ ತಪ್ಪೇ, ‘ಕಾಖಾರ್ನೆ’ಯೂ ತಪ್ಪೇ. ಸಾಲು ಸಾಲಾಗಿ ಕಣ್ಣಿಂದಲೇ ತಿದ್ದಿದೆ. ಹನ್ನೊಂದು ವಾರ ಹಿಡಿಯಿತು.

‘ಡಿಟಿಪಿಯವರು ಹೊಸ ತಂತ್ರಾಂಶ ಕಲಿಯಬೇಕಪ್ಪ’ ಎಂದು ಹೇಳಿಬಿಡುವುದು ಸುಲಭ. ನಾನು ಅವರನ್ನು ದೂರುವುದಿಲ್ಲ. ಪುಟಕ್ಕೆ 25 ರೂಪಾಯಿಯಂತೆ ದುಡಿಯುವವರು ತಿಂಗಳ ಬಾಡಿಗೆಯ ಹಾಗೆ ಹಣ ಕಟ್ಟಿಸಿಕೊಳ್ಳುವ ತಂತ್ರಾಂಶವನ್ನು ಯಾವ ಲಾಭಕ್ಕೆ ಕೊಳ್ಳಬೇಕು? ಅವರ ಗಿರಾಕಿಗಳು ಕೇಳುವುದು ಕಾಗದದ ಮೇಲಿನ ಅಚ್ಚನ್ನು. ಯೂನಿಕೋಡಿನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡಕ್ಕೆ ಅದರಲ್ಲಿ ಜಾಗ ಸಿಕ್ಕಿತ್ತು. ಇಷ್ಟು ವರ್ಷಗಳಲ್ಲಿ ಕನ್ನಡ ಪುಸ್ತಕಕ್ಕೆ ಹಣ ಕೊಡುವ ಅಕಾಡೆಮಿ, ಪ್ರಾಧಿಕಾರ, ಇಲಾಖೆಗಳಲ್ಲಿ ಎಷ್ಟು ಮಂದಿ ‘ಮುದ್ರಿತ ಪ್ರತಿಯ ಜೊತೆ ಯೂನಿಕೋಡ್ ಕಡತವನ್ನೂ ಕೊಡಿ’ ಎಂದು ಪಟ್ಟು ಹಿಡಿದಿದ್ದಾರೆ? ಹಣ ಕೊಡುವವರು ಕೇಳಿದ್ದರೆ ಪ್ರಕಾಶಕರು ಕೇಳುತ್ತಿದ್ದರು, ಪ್ರಕಾಶಕರು ಕೇಳಿದ್ದರೆ ಅಂಗಡಿಯವರು ಬದಲಾಗುತ್ತಿದ್ದರು.

ಶಾಸನಗಳ ಮೇಲೆ ಕೆಲಸ ಮಾಡುವ ನನ್ನ ಗೆಳೆಯನ ಪಾಡು ಇನ್ನೂ ಸೊಗಸು. ಅವನಿಗೆ ಹಳಗನ್ನಡದ ಱ ಮತ್ತು ೞ ಬೇಕು. ಯೂನಿಕೋಡಿನಲ್ಲಿ ಎರಡೂ ಇವೆ. ಆದರೆ ಆ ಪಟ್ಟಿಯಲ್ಲಿ ೞಕಾರದ ಅಧಿಕೃತ ಇಂಗ್ಲಿಷ್ ಹೆಸರು ಏನು ಗೊತ್ತೇ? ‘ಕನ್ನಡ ಲೆಟರ್ ಫಾ’. ನಮ್ಮ ೞಕಾರಕ್ಕೂ ‘ಫ’ಕ್ಕೂ ಏನೇನೂ ಸಂಬಂಧವಿಲ್ಲ. ಒಮ್ಮೆ ಇಟ್ಟ ಹೆಸರನ್ನು ಎಂದೂ ಬದಲಿಸುವುದಿಲ್ಲ ಎಂಬುದು ಯೂನಿಕೋಡಿನ ನಿಯಮ. ಹಾಗಾಗಿ ಪಕ್ಕದಲ್ಲಿ ಸರಿಯಾದ ಅಡ್ಡಹೆಸರೊಂದನ್ನು ಸೇರಿಸಿ ಸುಮ್ಮನಾಗಿದ್ದಾರೆ. ಇದರಿಂದ ಅಕ್ಷರ ಮೂಡುವುದಕ್ಕೇನೂ ಅಡ್ಡಿಯಿಲ್ಲ. ಆದರೆ ತೀರ್ಮಾನವಾಗುವ ಹೊತ್ತಿಗೆ ನಮ್ಮ ಕಡೆಯವರ ದನಿ ಅಲ್ಲಿ ಮುಟ್ಟದಿದ್ದರೆ ಆಮೇಲೆ ಎಷ್ಟು ಕೂಗಿದರೂ ಅಡ್ಡಹೆಸರಷ್ಟೇ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಅಕ್ಷರ ಸರಿಹೋಯಿತು ಎನ್ನಿ. ಮುಂದಿನದು ಅಂಗಡಿ.

ಇ-ಬುಕ್ ಎಂದರೆ ಪಿಡಿಎಫ್ ಎಂದು ತಿಳಿದವರೇ ಹೆಚ್ಚು. ಪಿಡಿಎಫ್ ಎನ್ನುವುದು ಕಾಗದದ ಪುಟದ ಚಿತ್ರವಿದ್ದ ಹಾಗೆ. ಐದಾರು ಇಂಚಿನ ಫೋನಿನಲ್ಲಿ ಅದನ್ನು ಓದಬೇಕಾದರೆ ಪ್ರತಿ ಸಾಲಿಗೂ ಹಿಗ್ಗಿಸಿ, ಬಲಕ್ಕೆ ಎಳೆದು, ಮತ್ತೆ ಎಡಕ್ಕೆ ಎಳೆಯಬೇಕು. ಹತ್ತು ಗಂಟೆ ಹೊಲಿಗೆ ಯಂತ್ರದ ಸೂಜಿ ನೋಡಿದ ಕಣ್ಣುಗಳಿಗೆ ಆ ಶಿಕ್ಷೆ ಬೇಡ. ಬೇಕಾದದ್ದು ಇ-ಪಬ್ ಎಂಬ ಬಗೆ. ಅದು ಒಳಗಿನಿಂದ ಜಾಲಪುಟದಂತೆಯೇ ಇರುತ್ತದೆ. ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನಾಗಿ ಮುರಿದು ಕೆಳಗೆ ಹರಿಯುತ್ತದೆ. ಸಿಜಿಲ್, ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶಗಳಿಂದ ಅದನ್ನು ನಾವೇ ಮಾಡಿಕೊಳ್ಳಬಹುದು. ಮಾಡಿಕೊಂಡೆ. ಆದರೆ ಮಾಡುವುದು ಬೇರೆ, ಮಾರುವುದು ಬೇರೆ.

ಜಗತ್ತಿನ ಅತಿ ದೊಡ್ಡ ಇ-ಬುಕ್ ಅಂಗಡಿಯ ಕತೆ ಎಲ್ಲರಿಗೂ ಗೊತ್ತಿರುವಂಥದ್ದು. 2016ರ ಡಿಸೆಂಬರಿನಲ್ಲಿ ಅಮೆಜಾನ್ ತನ್ನ ಕಿಂಡಲ್‌ನಲ್ಲಿ ಐದು ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಇರಲಿಲ್ಲ. ವರ್ಷಗಳು ಉರುಳಿದವು, ಲೇಖಕರು ತಾವೇ ಪ್ರಕಟಿಸಿಕೊಳ್ಳುವ ಅದರ ವಿಭಾಗದ ಭಾಷಾಪಟ್ಟಿಗೆ ನಾನು ಪುಸ್ತಕ ಸಿದ್ಧಪಡಿಸುವ ಹೊತ್ತಿಗೂ ಕನ್ನಡ ಸೇರಿರಲಿಲ್ಲ. ಅದೇ ಪಟ್ಟಿಯಲ್ಲಿ ಮ್ಯಾಂಕ್ಸ್ ಇದೆ, ಕಾರ್ನಿಷ್ ಇದೆ. ಮ್ಯಾಂಕ್ಸ್ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪದ ನುಡಿ. ಅದನ್ನು ಮನೆಮಾತಾಗಿ ಆಡುತ್ತಿದ್ದ ಹಳೆಯ ತಲೆಮಾರಿನ ಕೊನೆಯ ವ್ಯಕ್ತಿ ನೆಡ್ ಮ್ಯಾಡ್ರೆಲ್ 1974ರಲ್ಲಿ ತೀರಿಕೊಂಡರು. ಆಮೇಲೆ ಅಲ್ಲಿಯ ಜನ ಶಾಲೆಗಳಲ್ಲಿ ಕಲಿಸಿ ಅದನ್ನು ಮತ್ತೆ ಎಬ್ಬಿಸಿದರು. ಆ ಛಲಕ್ಕೆ ನನ್ನ ನಮಸ್ಕಾರ, ಆ ನುಡಿ ಪಟ್ಟಿಯಲ್ಲಿರುವುದು ಒಳ್ಳೆಯದೇ. ಆದರೆ 2011ರ ಜನಗಣತಿಯ ಪ್ರಕಾರ 4.37 ಕೋಟಿ ಜನರ ತಾಯಿನುಡಿ ಅದೇ ಪಟ್ಟಿಯಲ್ಲಿ ಯಾಕಿಲ್ಲ ಎಂದು ಕೇಳುವ ಹಕ್ಕು ನಮಗಿದೆ.

ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರಗಳು ಎರಡು. ಒಂದು, ‘ಮ್ಯಾಂಕ್ಸ್‌ಗೆ ರೋಮನ್ ಲಿಪಿ, ಅದಕ್ಕೆ ಹೊಸದಾಗಿ ಏನೂ ಮಾಡಬೇಕಿಲ್ಲ.’ ಸರಿ, ಆದರೆ ಮಲಯಾಳಂ ಲಿಪಿ ನಮ್ಮದಕ್ಕಿಂತ ಸರಳವೇನಲ್ಲ. ಎರಡು, ‘ಜನಸಂಖ್ಯೆ, ಮಾರುಕಟ್ಟೆ.’ ಅದೇ ಜನಗಣತಿಯಲ್ಲಿ ಮಲಯಾಳಂ ಆಡುವವರು 3.48 ಕೋಟಿ. ನಮಗಿಂತ ಕಡಿಮೆ. ಇತ್ತ 9.72 ಕೋಟಿ ಜನರ ಬಂಗಾಳಿಯೂ 8.11 ಕೋಟಿ ಜನರ ತೆಲುಗೂ ಆ ಐದರಲ್ಲಿ ಇರಲಿಲ್ಲ. ಹಾಗಾಗಿ ಇದು ತಲೆ ಎಣಿಸಿ ಮಾಡಿದ ಪಟ್ಟಿಯಲ್ಲ, ಕನ್ನಡದ ಮೇಲೆ ಯಾರೋ ಸಂಚು ಮಾಡಿ ತೆಗೆದ ಪಟ್ಟಿಯೂ ಅಲ್ಲ. ಒಂದು ಕಂಪನಿ ತನಗೆ ಅನುಕೂಲವೆನಿಸಿದಷ್ಟನ್ನು ಸೇರಿಸಿಕೊಂಡಿತು, ಉಳಿದವರು ಹೊರಗುಳಿದರು. ಅಂಗಡಿಯ ಬಾಗಿಲು ಇಂಥ ಅನುಕೂಲದ ಮೇಲೆ ತೆರೆಯುವಾಗ ‘ಯಾರ ಹಂಗೂ ಇಲ್ಲ’ ಎನ್ನುವುದು ಎಂಥ ಮಾತು?

ಬೇರೆ ಬಾಗಿಲುಗಳಿಲ್ಲವೇ? ಇವೆ, ಅದನ್ನು ಮುಚ್ಚಿಡಬಾರದು. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡ ಪುಸ್ತಕಗಳು ಸಿಗುತ್ತವೆ. ಮೈಲ್ಯಾಂಗ್‌ನಂಥ ನಮ್ಮವರೇ ಕಟ್ಟಿದ ತಾಣಗಳು ಕನ್ನಡದ ಇ-ಪುಸ್ತಕ, ಕೇಳುಪುಸ್ತಕಗಳನ್ನು ಮಾರುತ್ತಿವೆ. ಇವರ ಕೆಲಸ ಸಣ್ಣದಲ್ಲ. ಆದರೆ ಮೊದಲ ಪುಸ್ತಕ ಹಿಡಿದು ಬಂದ, ಹೆಸರು ಕೇಳಿರದ ಲೇಖಕಿಗೆ ಪ್ರತಿ ಅಂಗಡಿಯೂ ಒಂದೊಂದು ಬಗೆಯ ಪರೀಕ್ಷೆಯೇ. ನಾನು ಕಡತ ಏರಿಸಿದ ಒಂದು ತಾಣದಲ್ಲಿ (ಹೆಸರು ಬೇಡ) ಮುನ್ನೋಟದಲ್ಲಿ ಅಧ್ಯಾಯದ ತಲೆಬರಹಗಳೆಲ್ಲ ಖಾಲಿ ಚೌಕಗಳಾಗಿ ಕಂಡವು. ದೂರು ಬರೆದರೆ ನಾಲ್ಕು ದಿನದ ಮೇಲೆ ಇಂಗ್ಲಿಷಿನಲ್ಲಿ ಉತ್ತರ ಬಂತು: ಕಡತದ ಭಾಷೆಯನ್ನು ಗುರುತಿಸಲಾಗಿಲ್ಲ, ದಯವಿಟ್ಟು ಪರಿಶೀಲಿಸಿ. ನಾನು ‘ಕನ್ನಡ’ ಎಂದು ಬರೆದೆ. ಮತ್ತೆ ಅದೇ ಉತ್ತರ, ಅಕ್ಷರವೂ ಬದಲಾಗದೆ. ಮೂರನೆಯ ಸಲ ಬರೆಯುವಾಗ ಆ ಕಡೆ ಮನುಷ್ಯರೇ ಇಲ್ಲ ಎಂದು ಗೊತ್ತಾಗಿತ್ತು. ಸರ್ಕಾರಿ ಕಚೇರಿಯಲ್ಲಾದರೆ ಗುಮಾಸ್ತರ ಮುಂದೆ ನಿಂತು ‘ಏನ್ ಸಾರ್ ಇದು’ ಎಂದು ಕೇಳಬಹುದು. ಇಲ್ಲಿ ನಿಲ್ಲಲು ಕಿಟಕಿಯೇ ಇಲ್ಲ.

ಇನ್ನು ತೆರಿಗೆಗೆ ಬರೋಣ. ಇದನ್ನು ಹೇಳಿದರೆ ಪುಸ್ತಕಲೋಕದ ಹಿರಿಯರೂ ‘ಹೌದಾ?’ ಎನ್ನುತ್ತಾರೆ.

ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಸೊನ್ನೆ. ಇ-ಪುಸ್ತಕಕ್ಕೆ ಮೊದಲು ಶೇ. 18 ಇತ್ತು. 2018ರ ಜುಲೈನಲ್ಲಿ ಅದನ್ನು ಶೇ. 5ಕ್ಕೆ ಇಳಿಸಿದರು, ಆದರೆ ಒಂದು ಷರತ್ತಿನ ಮೇಲೆ: ಆ ಪುಸ್ತಕದ ಮುದ್ರಿತ ರೂಪ ಇರಬೇಕು. ಆ ಆದೇಶದ ಪ್ರಕಾರ ಇ-ಬುಕ್ ಎಂದರೆ ಮುದ್ರಿತ ಪುಸ್ತಕದ ವಿದ್ಯುನ್ಮಾನ ರೂಪ. ಕಾಗದದ ಮೇಲೆ ಒಮ್ಮೆಯೂ ಬಾರದ, ಪರದೆಯ ಮೇಲೇ ಹುಟ್ಟಿದ ಪುಸ್ತಕ ಈ ರಿಯಾಯಿತಿಯೊಳಗೆ ಬರಲಿಲ್ಲ, ಅದು ಶೇ. 18ರಲ್ಲೇ ಉಳಿಯಿತು. ಈಗ ಲೆಕ್ಕ ಹಾಕಿ. ದೊಡ್ಡ ಪ್ರಕಾಶಕರು ಅಚ್ಚು ಹಾಕಿಸಿ ಜೊತೆಗೆ ಇ-ಬುಕ್ ತಂದರೆ ನೂರು ರೂಪಾಯಿಗೆ ಐದು ರೂಪಾಯಿ ತೆರಿಗೆ. ಅಚ್ಚು ಹಾಕಿಸುವ ಗತಿಯಿಲ್ಲದ ಹೊಸ ಲೇಖಕಿ ಇ-ಬುಕ್ ಮಾತ್ರ ತಂದು ತಾಣವೊಂದರಲ್ಲಿ ಮಾರಿದರೆ ನೂರಕ್ಕೆ ಹದಿನೆಂಟು. ತಾಣದವರು ತಮ್ಮ ಪಾಲು ಮುರಿದುಕೊಂಡ ಮೇಲೆ ಉಳಿಯುವುದು ಆಟೋ ಮೀಟರಿನ ಚಿಲ್ಲರೆ.

ಇದಕ್ಕೊಂದು ಉಪಾಯವೂ ಚಲಾವಣೆಯಲ್ಲಿದೆ. ‘ಹತ್ತು ಪ್ರತಿ ಝೆರಾಕ್ಸ್ ಮಾಡ್ಸಿ ಬೈಂಡ್ ಹಾಕ್ಸಿಬಿಡಿ ಮೇಡಂ, ಪ್ರಿಂಟ್ ಇದೆ ಅಂತ ತೋರ್ಸ್ಬಹುದು’ ಎಂದು ಲೆಕ್ಕಪತ್ರ ನೋಡುವವರೊಬ್ಬರು ನನಗೆ ಬುದ್ಧಿ ಹೇಳಿದರು. ಪುಸ್ತಕವನ್ನು ಪುಸ್ತಕವೆಂದು ಒಪ್ಪಿಸಲು ಯಾರೂ ಓದದ ಹತ್ತು ಕಾಗದದ ಕಟ್ಟು ತಯಾರಿಸಬೇಕು ಎನ್ನುವ ಕಾನೂನು ಇನ್ನೇನು ತಾನೇ ಹೇಳುತ್ತಿದೆ? ಕಾಗದವೇ ಪುಸ್ತಕ, ಬರಹ ಅಲ್ಲ ಎಂದು.

ನಮ್ಮ ಕನ್ನಡದ ಸಂಸ್ಥೆಗಳೂ ಇದನ್ನೇ ಹೇಳುತ್ತಿವೆ, ಸ್ವಲ್ಪ ಸೌಮ್ಯವಾಗಿ. ಐಎಸ್‌ಬಿಎನ್ ವಿಷಯದಲ್ಲಿ ತಕರಾರಿಲ್ಲ. ದೆಹಲಿಯ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ, ಇ-ಪುಸ್ತಕಕ್ಕೂ ಕೊಡುತ್ತದೆ, ಲೇಖಕರೇ ಅರ್ಜಿ ಹಾಕಿಕೊಳ್ಳಬಹುದು. ಆ ಸಂಖ್ಯೆ ಹಿಡಿದುಕೊಂಡು ಮುಂದೆ ಹೋಗುವುದೆಲ್ಲಿಗೆ? ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಏಕಗವಾಕ್ಷಿ ಯೋಜನೆಯಲ್ಲಿ ಕೊಳ್ಳುವುದು ಅಚ್ಚಾದ ಪ್ರತಿಗಳನ್ನು, ಶೀರ್ಷಿಕೆಗೆ ಸಾಮಾನ್ಯವಾಗಿ 300. ಕನ್ನಡ ಪ್ರಕಾಶನವೆಂಬ ಬಡಪಾಯಿ ಉಸಿರಾಡುತ್ತಿರುವುದೇ ಆ 300ರ ಮೇಲೆ. ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಒಳ್ಳೆಯ ಯೋಜನೆ, ಅದರಿಂದ ಬೆಳಕಿಗೆ ಬಂದ ಹಲವರು ಇವತ್ತು ನಾವು ಓದುವ ಲೇಖಕರು. ಅದೂ ರೂಪುಗೊಂಡಿರುವುದು ಮುದ್ರಣದ ಖರ್ಚನ್ನು ಮನಸ್ಸಿನಲ್ಲಿಟ್ಟುಕೊಂಡೇ. ವಿಶ್ವವಿದ್ಯಾಲಯದ ಕಡೆ ತಿರುಗಿದರೆ ಯುಜಿಸಿಯ 2018ರ ನಿಯಮಾವಳಿಯ ಕೋಷ್ಟಕ ಎದುರಾಗುತ್ತದೆ: ಅಂತರರಾಷ್ಟ್ರೀಯ ಪ್ರಕಾಶಕರ ಪುಸ್ತಕಕ್ಕೆ 12 ಅಂಕ, ರಾಷ್ಟ್ರೀಯ ಪ್ರಕಾಶಕರದಕ್ಕೆ 10. ತಾನೇ ಪ್ರಕಟಿಸಿಕೊಂಡವರಿಗೆ ಆ ಕೋಷ್ಟಕದಲ್ಲಿ ಸಾಲೇ ಇಲ್ಲ. ನಾಲ್ಕು ವರ್ಷದ ಕ್ಷೇತ್ರಕಾರ್ಯದಿಂದ ಬಂದ ಪುಸ್ತಕ ನನ್ನ ಬಯೋಡೇಟಾದಲ್ಲಿ ‘ಇತರೆ’ ಎಂಬ ತಲೆಬರಹದ ಕೆಳಗೆ, ಕಾಲೇಜು ದಿನಗಳ ರಂಗೋಲಿ ಸ್ಪರ್ಧೆಯ ಪಕ್ಕದಲ್ಲಿದೆ.

ಅದಕ್ಕಿಂತ ಚಿಂತೆಯ ವಿಷಯ ಇನ್ನೊಂದಿದೆ. 1954ರ ಕೇಂದ್ರ ಕಾನೂನಿನ ಪ್ರಕಾರ ಅಚ್ಚಾದ ಪ್ರತಿ ಪುಸ್ತಕದ ಪ್ರತಿಯನ್ನು ಪ್ರಕಾಶಕರು 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಕಳಿಸಬೇಕು. ಎಷ್ಟು ಮಂದಿ ಕಳಿಸುತ್ತಾರೆ ಎಂಬುದು ಬೇರೆ ಮಾತು, ನಿಯಮವಂತೂ ಇದೆ. ಅದು ಬರೆದದ್ದು ಮುದ್ರಣದ ಕಾಲಕ್ಕೆ. ನನ್ನ ಇ-ಬುಕ್ ಅನ್ನು ಎತ್ತಿಡುವ ಹೊಣೆ ಯಾರ ಮೇಲೂ ಇಲ್ಲ. ಮಾರುವ ತಾಣ ನಾಳೆ ಬಾಗಿಲು ಹಾಕಿದರೆ, ನನ್ನ ಲ್ಯಾಪ್‌ಟಾಪ್ ಕೆಟ್ಟರೆ, ಆ 22 ಹೆಂಗಸರ ಮಾತು ಇಲ್ಲ. ನೂರು ವರ್ಷದ ಹಿಂದಿನ ಪುಸ್ತಕ ಹಂಪಿನಗರದ ಕೇಂದ್ರ ಗ್ರಂಥಾಲಯದ ಯಾವುದೋ ಕಪಾಟಿನಲ್ಲಿ ಧೂಳು ಹಿಡಿದಾದರೂ ಸಿಕ್ಕೀತು. ಹತ್ತು ವರ್ಷದ ಹಿಂದಿನ ಕನ್ನಡ ಇ-ಬುಕ್ ಹುಡುಕಿ ನೋಡಿ.

‘ತಾನೇ ಅಚ್ಚು ಹಾಕಿಸಿಕೊಂಡವರು’ ಎಂಬುದನ್ನು ಬೈಗುಳದ ಹಾಗೆ ಆಡುವವರು ನಮ್ಮಲ್ಲಿ ಇದ್ದಾರೆ. ಅವರು ನಮ್ಮ ಸಾಹಿತ್ಯ ಚರಿತ್ರೆಯನ್ನು ಮರೆತಿರಬೇಕು. ನಂಜನಗೂಡು ತಿರುಮಲಾಂಬ ‘ಸತೀಹಿತೈಷಿಣಿ’ ಗ್ರಂಥಮಾಲೆ ಕಟ್ಟಿ ತಮ್ಮ ಕಾದಂಬರಿಗಳನ್ನು ತಾವೇ ಹೊರತಂದರು, ಅದೂ ವಿಧವೆಯೊಬ್ಬಳು ಬರೆಯುವುದೇ ಹೆಚ್ಚು ಎನ್ನುತ್ತಿದ್ದ ಕಾಲದಲ್ಲಿ. ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಜಿ.ಪಿ. ರಾಜರತ್ನಂ ಶಾಕ್ಯ ಸಾಹಿತ್ಯ ಮಂಟಪ ಕಟ್ಟಿಕೊಂಡರು, ಶಿವರಾಮ ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯವನ್ನೇ ಹೂಡಿದರು, ತೇಜಸ್ವಿಯವರಿಗೆ ತಮ್ಮದೇ ‘ಪುಸ್ತಕ ಪ್ರಕಾಶನ’ ಇತ್ತು. ಇವರ ಕಷ್ಟ ನನ್ನದಕ್ಕಿಂತ ಸಾವಿರ ಪಾಲು ಹೆಚ್ಚು, ಹೋಲಿಸಿಕೊಳ್ಳುವ ಉದ್ಧಟತನ ನನಗಿಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಅವರ ಅಚ್ಚುಮೊಳೆ ಕನ್ನಡದ್ದಾಗಿತ್ತು. ಪುತ್ತೂರಿನ ಮುದ್ರಣಾಲಯದಲ್ಲಿ ಕೂತ ಕಾರಂತರಿಗೆ ‘ನಿಮ್ಮ ಭಾಷೆ ಗುರುತು ಸಿಗಲಿಲ್ಲ’ ಎಂದು ಯಾರೂ ಹೇಳುವಂತಿರಲಿಲ್ಲ. ಗಳಗನಾಥರು ನಡೆದ ದಾರಿ ದೂರದ್ದಾಗಿತ್ತು, ಆದರೆ ಅದು ದಾರಿಯಾಗಿತ್ತು. ನನ್ನ ಪುಸ್ತಕದ ಅಕ್ಷರ, ಅಂಗಡಿ, ತೆರಿಗೆ, ಕಪಾಟು ಒಂದೂ ನನ್ನ ಕೈಯಲ್ಲಿಲ್ಲ, ಅವು ಯಾರ ಕೈಯಲ್ಲಿವೆಯೋ ಅವರಿಗೆ ನನ್ನ ಪುಸ್ತಕ ಪುಸ್ತಕವಲ್ಲ.

ಎದುರುವಾದಗಳಿವೆ. ‘ಕನ್ನಡಿಗರು ಇ-ಬುಕ್ ಕೊಳ್ಳೋದಿಲ್ಲ’ ಎಂಬುದು ಮೊದಲನೆಯದು. ಅತ್ತಿಗುಪ್ಪೆಯಲ್ಲಿ ಮೆಟ್ರೊ ಹತ್ತಿ ಕೆಂಗೇರಿಯವರೆಗೆ ಕೂತು ನೋಡಿ, ಕನ್ನಡ ಅಕ್ಷರ ಎಷ್ಟು ಫೋನುಗಳಲ್ಲಿ ಓಡುತ್ತಿರುತ್ತದೆ ಎಂದು. ಓದುವವರಿದ್ದಾರೆ. ಐದು ನಿಮಿಷದಲ್ಲಿ, ಯುಪಿಐನಲ್ಲಿ, ಓದಲು ಬರುವಂಥ ಕಡತ ಕೊಳ್ಳುವ ಅನುಕೂಲವನ್ನು ನಾವು ಎಷ್ಟು ಪುಸ್ತಕಗಳಿಗೆ ಮಾಡಿಕೊಟ್ಟಿದ್ದೇವೆ? ಕೊಳ್ಳಲು ಬಿಡದೆ ಕೊಳ್ಳುವುದಿಲ್ಲ ಎನ್ನುವುದು ನ್ಯಾಯವಲ್ಲ. ‘ಕಳ್ಳ ಪಿಡಿಎಫ್ ಹಾವಳಿ’ ಎಂಬುದು ಎರಡನೆಯದು. ನಿಜ, ಟೆಲಿಗ್ರಾಂ ಗುಂಪುಗಳಲ್ಲಿ ಹರಿದಾಡುವ ಪುಸ್ತಕಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ ಅಲ್ಲಿರುವ ಹೆಚ್ಚಿನವು ಅಚ್ಚಾದ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು. ಇ-ಬುಕ್ ತಾರದೇ ಇದ್ದದ್ದು ಆ ಪುಸ್ತಕಗಳನ್ನೇನೂ ಕಾಪಾಡಲಿಲ್ಲ.

ಮೂರನೆಯದನ್ನು ನಾನು ಗೌರವದಿಂದ ಕೇಳುತ್ತೇನೆ: ಸಂಪಾದಕರಿಲ್ಲದೆ ಯಾರು ಬೇಕಾದರೂ ಪ್ರಕಟಿಸಿದರೆ ಗುಣಮಟ್ಟದ ಗತಿಯೇನು? ಸಂಪಾದಕರು ಬೇಕೇ ಬೇಕು. ನನ್ನ ಹಸ್ತಪ್ರತಿಯನ್ನು ಇಬ್ಬರು ಹಿರಿಯರು ಕೆಂಪು ಮಸಿಯಲ್ಲಿ ಮುಳುಗಿಸಿ ಕೊಟ್ಟರು, ಅದರಿಂದ ಪುಸ್ತಕ ಮೂರನೇ ಒಂದು ಭಾಗ ಇಳಿಯಿತು, ಅಷ್ಟೇ ಗಟ್ಟಿಯಾಯಿತು. ಆದರೆ ಲೇಖಕರಿಂದ 45 ಸಾವಿರ ಕಟ್ಟಿಸಿಕೊಂಡು ಕರಡನ್ನೂ ಲೇಖಕರಿಂದಲೇ ತಿದ್ದಿಸಿ ತರುವ ಕಾಗದದ ಪುಸ್ತಕಕ್ಕೆ ಯಾವ ಸಂಪಾದಕರಿದ್ದಾರೆ? ಗುಣಮಟ್ಟ ಅಳೆಯುವುದಾದರೆ ಬರಹವನ್ನು ಅಳೆಯೋಣ, ಅದು ಯಾವುದರ ಮೇಲೆ ಬಂದಿದೆ ಎಂಬುದನ್ನಲ್ಲ.

ಸುಮ್ಮನೆ ಕೂಗಾಡಿ ಮುಗಿಸುವುದು ನನ್ನ ಉದ್ದೇಶವಲ್ಲ. ಆಗಬೇಕಾದದ್ದು ಸ್ಪಷ್ಟವಾಗಿದೆ. ಸರ್ಕಾರದ ಒಂದು ರೂಪಾಯಿ ಪಡೆದ ಪುಸ್ತಕವಾದರೂ ಸರಿ, ಅದರ ಯೂನಿಕೋಡ್ ಕಡತ ಕೊಡುವುದು ಕಡ್ಡಾಯವಾಗಲಿ. ಡಿಟಿಪಿ ಅಂಗಡಿಗಳನ್ನು ಬದಲಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಚೊಚ್ಚಲ ಕೃತಿಯ ಪ್ರೋತ್ಸಾಹಧನ ಇ-ಪಬ್‌ಗೂ ಸಿಗಲಿ. ಬೆಂಗಳೂರಿನ ಪ್ರತಿ ಮನೆಯ ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ, ಇಲಾಖೆಗೆ 2020ರಿಂದ ತನ್ನದೇ ಡಿಜಿಟಲ್ ಗ್ರಂಥಾಲಯವೂ ಇದೆ. ಏಕಗವಾಕ್ಷಿಯ ಆಯ್ಕೆ ಸಮಿತಿಯೇ ಇ-ಪುಸ್ತಕಗಳನ್ನೂ ಆರಿಸಿ, ಹಣ ಕೊಟ್ಟು ಕೊಂಡು, ಅಲ್ಲಿ ಇಡಲಿ. ಹಾಗೆ ಕೊಂಡದ್ದರ ಒಂದು ಪ್ರತಿ ಶಾಶ್ವತವಾಗಿ ಉಳಿಯಲಿ. ಪರದೆಯ ಮೇಲೇ ಹುಟ್ಟಿದ ಪುಸ್ತಕಕ್ಕೂ ಕಾಗದದ ಪುಸ್ತಕದ ಹಾಗೆ ತೆರಿಗೆ ಸೊನ್ನೆಯಾಗಬೇಕೆಂದು ನಮ್ಮ ರಾಜ್ಯ ಜಿಎಸ್‌ಟಿ ಮಂಡಳಿಯಲ್ಲಿ ಕೇಳಲಿ, ಅಲ್ಲಿ ನಮಗೂ ಒಂದು ಕುರ್ಚಿ ಇದೆ. ವಿಶ್ವವಿದ್ಯಾಲಯಗಳು ಇಬ್ಬರು ವಿಷಯತಜ್ಞರು ಓದಿ ಒಪ್ಪಿದ ಇ-ಪುಸ್ತಕಕ್ಕೆ ಅಂಕ ಕೊಡಲಿ.

ಅಂಗಡಿಗಳ ವಿಷಯ ಉಳಿಯಿತು. 2024ರಲ್ಲಿ ಕಾನೂನು ತಿದ್ದಿ, ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕೆಂದು ನಿಯಮ ಮಾಡಿದೆವು. ರಾಜಾಜಿನಗರ, ಬಸವೇಶ್ವರನಗರದ ಮುಖ್ಯರಸ್ತೆಗಳಲ್ಲಿ ಬೋರ್ಡುಗಳು ಬದಲಾದವು. ನನಗೂ ಸಂತೋಷವಾಯಿತು. ಆದರೆ ಅಂಗಡಿಯ ಮೇಲಿನ ಹಲಗೆಯನ್ನು ಅಳೆಯುವ ಉತ್ಸಾಹ ಅಂಗಡಿಯ ಒಳಗಿನ ಕಪಾಟಿನ ತನಕ ಯಾಕೆ ಬರುವುದಿಲ್ಲ? ಕರ್ನಾಟಕದಲ್ಲಿ ಪುಸ್ತಕ ಮಾರುವ ದೈತ್ಯ ಅಂಗಡಿಗೆ ಕನ್ನಡ ಲೇಖಕರ ಕಡತ ತೆಗೆದುಕೊಳ್ಳಿ ಎಂದು ಒಬ್ಬಂಟಿ ಲೇಖಕಿ ಮಿಂಚಂಚೆ ಬರೆದರೆ ಯಂತ್ರ ಉತ್ತರಿಸುತ್ತದೆ. ಸರ್ಕಾರ, ಸಾಹಿತ್ಯ ಪರಿಷತ್ತು, ಅಭಿವೃದ್ಧಿ ಪ್ರಾಧಿಕಾರ ಒಟ್ಟಾಗಿ ಬರೆದರೆ ಮನುಷ್ಯರು ಉತ್ತರಿಸಲೇಬೇಕಾಗುತ್ತದೆ.

ನನ್ನ ಪುಸ್ತಕ ಹೊರಬಂದಿದೆ. ಇದುವರೆಗೆ 64 ಪ್ರತಿ ಹೋಗಿವೆ. ಮಾತು ಕೊಟ್ಟ 22 ಮಂದಿಗೆ ಕಡತವನ್ನು ನಾನೇ ವಾಟ್ಸ್ಆ್ಯಪಿನಲ್ಲಿ ಕಳಿಸಿದೆ, ಒಂಬತ್ತು ಮಂದಿಯ ಫೋನಿನಲ್ಲಿ ಅದು ತೆರೆಯಲಿಲ್ಲ, ಅವರ ಮನೆಗಳಿಗೆ ಹೋಗಿ ಓದುವ ಆ್ಯಪು ಹಾಕಿಕೊಟ್ಟು ಬಂದೆ. ಗಳಗನಾಥರಿಗೆ ಹೋಲಿಸಿದರೆ ಇದೇನೂ ನಡಿಗೆಯಲ್ಲ. ಆದರೆ ಒಂದು ಪುಸ್ತಕಕ್ಕೆ ಹೀಗೆ ಮನೆಮನೆ ಸುತ್ತಬಹುದು, ಕನ್ನಡದ ಎಲ್ಲ ಹೊಸ ಬರಹಗಾರರೂ ಎಲ್ಲ ಪುಸ್ತಕಗಳಿಗೂ ಹೀಗೆ ಸುತ್ತಲಾರರು. ಆದ್ದರಿಂದ ಮುಂದಿನ ಸಲ ನಿಮ್ಮ ಮುಂದೆ ಹಸ್ತಪ್ರತಿ ಹಿಡಿದು ನಿಂತ ಹುಡುಗನಿಗೋ ಹುಡುಗಿಗೋ ‘ಇ-ಬುಕ್ ಮಾಡ್ಬಿಡಿ’ ಎಂದು ಹೇಳುವ ಮೊದಲು, ನೀವು ಕೂತಿರುವ ಸಮಿತಿ ಯಾವುದು, ಸಿಂಡಿಕೇಟು ಯಾವುದು, ಪ್ರಾಧಿಕಾರ ಯಾವುದು ಎಂದು ಒಮ್ಮೆ ನೆನಪಿಸಿಕೊಳ್ಳಿ. ಮೇಲೆ ಹೇಳಿದ ಕೆಲಸಗಳಲ್ಲಿ ಒಂದಾದರೂ ಅಲ್ಲಿಂದ ಆಗುವಂಥದ್ದು ಇದ್ದೇ ಇರುತ್ತದೆ. ಅದನ್ನು ಮಾಡಿ, ಆಮೇಲೆ ಸಲಹೆ ಕೊಡಿ.